ಪೇರಲ ತೋಟದಲ್ಲಿ ಇನ್ನೂರು ಫ್ಲಾಟು: ಮೊದಲ ಅರ್ಜಿಗೆ ನಾನು ಸಹಿ ಹಾಕಲಿಲ್ಲ

ನಮ್ಮ ಹಿತ್ತಲ ಗೋಡೆಯ ಆಚೆ ಒಂದು ಪೇರಲ ತೋಟ ಇದೆ. ಧಾರವಾಡದ ನವಲೂರ ಪೇರಲ ಅಂತ ಬುಟ್ಟಿಯಲ್ಲಿಟ್ಟು ಮಾರ್ತಾರಲ್ಲ, ಅದೇ ಪೇರಲ. ಹೋದ ತಿಂಗಳು ಆ ತೋಟದ ಬದುವಿನ ಮೇಲೆ ಕೆಂಪು ಬಣ್ಣ ಬಳಿದ ಕಲ್ಲುಗಳು ನಿಂತವು. ಆಮೇಲೆ ಒಂದು ಬೋರ್ಡು ಬಂತು. ಬೋರ್ಡಿನಲ್ಲಿ ಈಜುಕೊಳ, ನಗುವ ಹುಡುಗ, ಕತ್ತರಿಸಿದ ಹುಲ್ಲು. ಕೆಳಗೆ ದಪ್ಪ ಅಕ್ಷರದಲ್ಲಿ 200 ಫ್ಲಾಟುಗಳು ಅಂತ. ಪೇರಲ ಗಿಡ ಒಂದೂ ಇಲ್ಲ.

ಮೂರನೇ ದಿನಕ್ಕೆ ಹನುಮಪ್ಪನ ಗುಡಿ ಕಟ್ಟೆ ಮೇಲೆ ಮೀಟಿಂಗು. ನೀರಿನ ಪಟ್ಟಿ ವಸೂಲಿಗೆ ಕರೆದರೆ ಹತ್ತು ಜನ ಬರದ ನಮ್ಮ ಓಣಿಯಿಂದ ಅವತ್ತು ಅರವತ್ತು ಜನ ಬಂದಿದ್ದರು. ಮನೆಗೆ ಗಾಳಿ ಬರೋದಿಲ್ಲ ಅಂದರು ಒಬ್ಬರು. ಮೇಲಿನಿಂದ ನಮ್ಮ ಹಿತ್ತಲು ಕಾಣ್ತದೆ ಅಂದರು ಇನ್ನೊಬ್ಬರು. ಹಿಂದಿನಿಂದ ಒಂದು ದನಿ, "ಎಂಥೆಂಥಾ ಮಂದಿ ಬರ್ತಾರೋ ಏನೋ, ಮನ್ಯಾಗ ಹೆಣ್ಮಕ್ಕಳದಾರ." ಎಲ್ಲರೂ ತಲೆ ಆಡಿಸಿದರು. ಅರ್ಜಿ ಮೊದಲೇ ಟೈಪ್ ಆಗಿ ಬಂದಿತ್ತು. "ಸದರಿ ಯೋಜನೆಯನ್ನು ಕೂಡಲೇ ರದ್ದುಪಡಿಸಬೇಕು." ಪೆನ್ನು ನನ್ನ ಕೈಗೆ ಬಂತು. ಪಕ್ಕದವರಿಗೆ ಕೊಟ್ಟು ಎದ್ದು ಬಂದೆ.

ಅವತ್ತಿನಿಂದ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಾನು ಬಿಲ್ಡರ್ ಕಡೆಯವನು. ಇರಲಿ.

ವಿಷಯ ಏನಂದರೆ, ನಮ್ಮ ಮನೆ ನಿಂತಿರೋದೂ ಪೇರಲ ತೋಟದಲ್ಲೇ. 1996ರಲ್ಲಿ ಅಪ್ಪ ಇಲ್ಲಿ ಪ್ಲಾಟ್ ತಗೊಂಡಾಗ ಸುತ್ತ ಐದಾರು ಮನೆ. ಊರಿನವರು ನಮ್ಮನ್ನ 'ಪ್ಲಾಟಿನ ಮಂದಿ' ಅಂತಿದ್ದರು. ಆ ಮಾತಿನಲ್ಲೂ ಇದೇ ಧಾಟಿ ಇತ್ತು, ಎಂಥೆಂಥಾ ಮಂದಿ ಬರ್ತಾರೋ ಏನೋ ಅನ್ನೋದು. ನಮ್ಮ ಹಿತ್ತಲಲ್ಲಿ ಆ ಕಾಲದ ಒಂದು ಗಿಡ ಇನ್ನೂ ಇದೆ. ಕಾಯಿ ಬಿಡ್ತದೆ, ಅರ್ಧ ಗಿಳಿಗಳ ಪಾಲು.

ತೋಟದ ಮಾಲೀಕರನ್ನು ನೋಡೋಕೆ ಹೋಗಿದ್ದೆ. ಎಪ್ಪತ್ತು ದಾಟಿದ ಅಜ್ಜ. ಬೈಯ್ತಾರೆ ಅಂದುಕೊಂಡಿದ್ದೆ, ಚಹಾ ಕೊಟ್ಟರು.

"ಅಜ್ಜಾರ, ಎಲ್ಲಾ ಮಾರಿಬಿಟ್ರ್ಯಾ?"

"ಆಳು ಸಿಗೂದಿಲ್ಲೋ ತಮ್ಮಾ. ಸಿಕ್ಕರ ಕೂಲಿ ಗಿಟ್ಟೂದಿಲ್ಲ. ಪ್ಯಾರಲ ಮಾರಿ ಮೊಮ್ಮಕ್ಕಳನ್ನ ಇಂಜಿನಿಯರಿಂಗ್ ಓದಸಾಕ ಆಕ್ಕೈತೇನು? ಮತ್ತ ನೀವರ ಎಲ್ಲಿ ಕುಂತೀರಿ? ನಮ್ಮಣ್ಣನ ತ್ವಾಟದಾಗ ಅಲ್ಲೇನು?"

ಇದಕ್ಕೆ ಏನು ಉತ್ತರ ಕೊಡೋದು. ಸುಮ್ನೆ ಚಹಾ ಕುಡಿದೆ.

ಹಾಗಂತ ನನಗೆ ಚಿಂತೆ ಇಲ್ಲ ಅಂತಲ್ಲ. ಜಾಸ್ತಿನೇ ಇದೆ. ಆದರೆ ನನ್ನ ಚಿಂತೆ ಬರೋ ಜನರ ಬಗ್ಗೆ ಅಲ್ಲ, ನೀರಿನ ಬಗ್ಗೆ. ಒಳಗೆ ಬರೋ ನೀರು, ಹೊರಗೆ ಹೋಗೋ ನೀರು, ಎರಡೂ.

ನಮ್ಮೂರಿಗೆ ನೀರು ಬರೋದು ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟಿನಿಂದ. ಮಲಪ್ರಭೆ ನೀರು ಅಮ್ಮಿನಭಾವಿಯಲ್ಲಿ ಶುದ್ಧವಾಗಿ ಇಲ್ಲಿಗೆ ಬರ್ತದೆ. 2008ರಲ್ಲಿ ಅವಳಿ ನಗರದ ಕೆಲವು ವಾರ್ಡುಗಳಲ್ಲಿ 24 ತಾಸು ನೀರು ಪ್ರಯೋಗಕ್ಕೆ ಶುರುವಾದಾಗ ದೇಶದ ಎಲ್ಲೆಲ್ಲಿಂದಲೋ ಜನ ಬಂದು ನೋಡಿ ಹೋದರು. ನಮ್ಮ ಸಾಲಿನವರು ಮಾತ್ರ ಈಗಲೂ ನೀರು ಬಿಡುವ ಹುಡುಗನ ಬೈಕಿನ ಸದ್ದಿಗೆ ಏಳುವವರು. ರಾತ್ರಿ ಎರಡಕ್ಕೆ ನಲ್ಲಿ ಸುಂಯ್ ಅಂತ ಗಾಳಿ ಬಿಟ್ಟರೆ ನನ್ನ ಹೆಂಡತಿಗೆ ನಿದ್ದೆಯಲ್ಲೇ ಗೊತ್ತಾಗ್ತದೆ. ಟಾಕಿ ತುಂಬಿತು ಅಂದರೆ ಆರು ದಿನದ ಗಂಟು.

ಈಗ ಲೆಕ್ಕ ಹಾಕಿ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರದ ಮಾನದಂಡ. ಮನೆಗೆ ನಾಲ್ಕು ಜನ ಅಂದರೂ 200 ಫ್ಲಾಟಿಗೆ ದಿನಕ್ಕೆ 1,08,000 ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಾದರೆ ಹದಿನೆಂಟು ಟ್ಯಾಂಕರ್. ಎರಡು ಸ್ಕೂಟರ್ ಎದುರಾದರೆ ಒಂದು ನಿಲ್ಲಬೇಕಾದ ನಮ್ಮ ರಸ್ತೆಯಲ್ಲಿ, ದಿನಾಲೂ. ಕೊಳವೆಬಾವಿ ಹಾಕ್ತೀವಿ ಅಂತಾರೆ. ಹಾಕಲಿ, ಆದರೆ ಅವರ ಬೋರಿಗೂ ನಮ್ಮ ಬೋರಿಗೂ ಕೆಳಗಿನ ನೀರು ಒಂದೇ ಅಲ್ವಾ?

ಬಳಸಿದ ನೀರಿನಲ್ಲಿ ಹೆಚ್ಚುಕಡಿಮೆ ಶೇಕಡಾ 80 ಕೊಳಚೆಯಾಗಿ ಹೊರಗೆ ಬರ್ತದೆ. ಅಂದರೆ ದಿನಕ್ಕೆ 86 ಸಾವಿರ ಲೀಟರ್. ತೋಟದ ಕೆಳಗಿನ ಹಳ್ಳ ಬಿಟ್ಟರೆ ಅದಕ್ಕೆ ಬೇರೆ ದಾರಿ ನನಗಂತೂ ಕಾಣೋದಿಲ್ಲ. ಆ ಹಳ್ಳ ನಮ್ಮ ಹಿಂದಿನ ಸಾಲಿಗೆ ಹತ್ತಿಕೊಂಡೇ ಹೋಗ್ತದೆ. ಬೇಸಿಗೆಯಲ್ಲಿ ನೋಡಿದರೆ ಅದು ಹಳ್ಳ ಅಂತಾನೇ ಗೊತ್ತಾಗೋದಿಲ್ಲ. ಹುಡುಗರು ಅದರಲ್ಲೇ ಕ್ರಿಕೆಟ್ ಆಡ್ತಾರೆ. ಆದರೆ ಧಾರವಾಡದ ಮಳೆ ಹಿಡಿದರೆ ಬಿಡೋ ಮಳೆ ಅಲ್ಲ. ಎರಡು ವರ್ಷದ ಹಿಂದೆ ಒಂದು ರಾತ್ರಿ ನೀರು ನಮ್ಮ ಹಿಂಬಾಗಿಲ ಎರಡನೇ ಮೆಟ್ಟಿಲಿಗೆ ಬಂದು ನಿಂತಿತ್ತು. ಚಪ್ಪಲಿ ತೇಲಿ ಹೋದವು. ಅದೂ ಮೇಲಿನ ತೋಟ ಅಷ್ಟೂ ಮಳೆ ಕುಡಿದ ಮೇಲೆ. ಆ ಮಣ್ಣಿನ ಮೇಲೆ ಕಾಂಕ್ರೀಟ್ ಬಿದ್ದರೆ ಕುಡಿಯೋರು ಯಾರು?

ಇದನ್ನೆಲ್ಲ ಯಾರಾದರೂ ನಮ್ಮನ್ನ ಕರೆದು ಕೇಳ್ತಾರೆ ಅಂದುಕೊಂಡಿದ್ದೆ. ಇಲ್ಲವಂತೆ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡಕ್ಕೆ 2006ರ ಅಧಿಸೂಚನೆ ಪ್ರಕಾರ ಪರಿಸರ ಅನುಮತಿ ಬೇಕು. ಆದರೆ ಇಂಥ ವಸತಿ ಕಟ್ಟಡಗಳಿಗೆ ಅಕ್ಕಪಕ್ಕದವರ ಅಹವಾಲು ಕೇಳುವ ಸಭೆ ಕಡ್ಡಾಯ ಅಲ್ಲ. ಇನ್ನು ರೇರಾ. 2016ರ ಆ ಕಾನೂನು ಒಳ್ಳೇದೇ, ಆದರೆ ಅದು ಕಾಯೋದು ಫ್ಲಾಟ್ ಕೊಳ್ಳೋರನ್ನ. ಗೋಡೆ ಈಚೆ ಇರೋರು ಅದರ ಲೆಕ್ಕದಲ್ಲಿಲ್ಲ. ಆದರೂ ನಮಗೊಂದು ಉಪಯೋಗ ಇದೆ. ನೋಂದಣಿಗೆ ಕೊಟ್ಟ ನಕ್ಷೆ, ಅನುಮತಿ ಪತ್ರ ರೇರಾ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಒಂದೇ ಕಟ್ಟಡವನ್ನು ಫೇಸ್ 1, ಫೇಸ್ 2 ಅಂತ ತುಂಡು ಮಾಡಿ ಪ್ರತಿ ತುಂಡನ್ನೂ 20,000ದ ಕೆಳಗೆ ಇಡೋ ಜಾಣತನ ಕೆಲವು ಕಡೆ ನಡೆದಿದೆ. ಇಲ್ಲಿಯ ಬೋರ್ಡಿನ ಮೂಲೆಯಲ್ಲೂ ಸಣ್ಣಗೆ ಫೇಸ್ 1 ಅಂತ ಇದೆ. ಇವರೂ ಹಾಗೇ ಮಾಡಿದ್ದಾರೆ ಅಂತ ನಾನು ಹೇಳ್ತಿಲ್ಲ. ನೋಡಬೇಕು ಅಂತಿದ್ದೇನೆ.

ಮೀಟಿಂಗಿನಲ್ಲಿ ನಮ್ಮ ಎದುರು ಮನೆ ಅಕ್ಕಾರು ಒಂದೇ ಮಾತು ಕೇಳಿದ್ದರು, "ಗಟ್ಟಿ ಕಟ್ತಾರೇನ್ರೀ?" ಯಾರೂ ಉತ್ತರ ಕೊಡಲಿಲ್ಲ. 2019ರ ಮಾರ್ಚ್ 19, ಕುಮಾರೇಶ್ವರ ನಗರ. ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿದು 19 ಜನ ಹೋದರು. ಧಾರವಾಡದವರಿಗೆ ಈ ಪ್ರಶ್ನೆ ಎಲ್ಲಿಂದ ಬರ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನಾವು ನಾಲ್ಕೈದು ಜನ ಕೂತು ಇನ್ನೊಂದು ಅರ್ಜಿ ಬರೆದೆವು. ರದ್ದು ಮಾಡಿ ಅನ್ನೋ ಸಾಲು ಇಲ್ಲ. ನೀರು ಎಲ್ಲಿಂದ, ಕೊಳಚೆ ಎಲ್ಲಿಗೆ, ಹಳ್ಳದಿಂದ ಎಷ್ಟು ದೂರ ಬಿಡ್ತೀರಿ, ಟಿಪ್ಪರ್ ಯಾವ ರಸ್ತೆಯಲ್ಲಿ ಬರ್ತವೆ. ಇಷ್ಟೇ. ಜೊತೆಗೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಮಂಜೂರಾದ ನಕ್ಷೆ ಕೇಳಿದ್ದೇವೆ. 30 ದಿನದೊಳಗೆ ಉತ್ತರ ಕೊಡಬೇಕು. ಇದಕ್ಕೆ ನಾನು ಮೊದಲ ಸಹಿ ಹಾಕಿದ್ದೇನೆ. ಗ್ರೂಪಿನಲ್ಲಿ ಬೈದವರಲ್ಲೂ ಹನ್ನೊಂದು ಜನ ಹಾಕಿದ್ದಾರೆ.

ಒಂದು ಇರುಸುಮುರುಸಿನ ಸಂಗತಿ ಬಾಕಿ ಇದೆ. ಹಳೇ ಗ್ರಾಮ ನಕಾಶೆ ತೆಗೆಸಿ ನೋಡಿದೆವು. ಅದರಲ್ಲಿ ಹಳ್ಳ ಈಗ ಕಾಣೋದಕ್ಕಿಂತ ಅಗಲ ಇದೆ. ಬಿಲ್ಡರ್ ಇನ್ನೂ ಒಂದು ಪುಟ್ಟಿ ಮಣ್ಣು ಹಾಕಿಲ್ಲ. ಹಾಗಾದರೆ ಹಳ್ಳ ಸಣ್ಣದು ಮಾಡಿದ್ದು ಯಾರು? ನಮ್ಮ ಸಾಲಿನ ಕಾಂಪೌಂಡುಗಳನ್ನ ಒಮ್ಮೆ ನೋಡಿದರೆ ಸಾಕು. ಒಬ್ಬರ ಕಾರ್ ಶೆಡ್ಡು, ಇನ್ನೊಬ್ಬರ ತುಳಸಿ ಕಟ್ಟೆ, ನಮ್ಮ ಬಟ್ಟೆ ಒಗೆಯೋ ಕಲ್ಲು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಳ್ಳ ಅಳೆಯೋಕೆ ಹೋಗ್ತಿದ್ದೇವೆ. ಉದ್ದನೆ ಟೇಪು ಇದ್ದವರು ತನ್ನಿ. ಶುರು ಮಾಡೋದು ನಮ್ಮ ಮನೆ ಹಿಂದಿನಿಂದ.