ಹಳೆಯ ಕನ್ಸೋಲ್, ಹೊಸ ಆಟ, ಮಾಡಿದವರ ಹೆಸರು

ನಾಲ್ಕು ದಶಕ ಹಳೆಯ ವಿಡಿಯೋ ಗೇಮ್ ಯಂತ್ರಗಳಿಗೆ ಇಂದಿಗೂ ಹೊಸ ಆಟಗಳನ್ನು ಬರೆಯುವವರಿದ್ದಾರೆ ಎಂದು ಹೇಳಿದರೆ, ಕೇಳಿದವರಲ್ಲಿ ಹೆಚ್ಚಿನವರು ಬಾಲ್ಯದ ಹಂಬಲ ಎಂದು ಸುಮ್ಮನಾಗುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಹೋಮ್‌ಬ್ರೂ ಎಂದು ಕರೆಯಲಾಗುವ ಈ ಆಟಗಳು ಇವತ್ತಿನ ಕೃತಿಗಳು. ಇವತ್ತಿನ ಕೃತಿಗೆ ಸಲ್ಲಬೇಕಾದ ಗಮನ, ಟೀಕೆ, ಹಣ ಮೂರೂ ಅವುಗಳಿಗೆ ಸಲ್ಲಬೇಕು. ಎಲ್ಲಕ್ಕಿಂತ ಮೊದಲು, ಮಾಡಿದವರು ಯಾರು ಎಂಬುದು ಆಡುವವರಿಗೆ ತಿಳಿದಿರಬೇಕು.

ಇದರ ಹಿಂದಿನ ಶ್ರಮ ಎಂಥದ್ದು ಎಂಬುದಕ್ಕೆ ಅಟಾರಿ 2600 ಯಂತ್ರವನ್ನು ನೋಡಿ. 1977ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಅದರ ರ್‍ಯಾಮ್ (ಆಟ ನಡೆಯುವಾಗ ಯಂತ್ರ ಲೆಕ್ಕ ಇಟ್ಟುಕೊಳ್ಳುವ ನೆನಪಿನ ಜಾಗ) ಬರೀ 128 ಬೈಟ್. ಕಿಲೋಬೈಟ್ ಎಂದು ಓದಿಕೊಳ್ಳಬೇಡಿ, ಬೈಟ್. ಈಗ ನಾವು ಕಂಪ್ಯೂಟರಿನಲ್ಲಿ ಬರೆಯುವ ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೆ ಸಾಮಾನ್ಯವಾಗಿ 3 ಬೈಟ್ ಬೇಕು. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಚಿಹ್ನೆಗಳೇ. ಆ ಲೆಕ್ಕದಲ್ಲಿ ನೀವು ಈಗ ಓದುತ್ತಿರುವ ಈ ವಾಕ್ಯವೇ ಆ ಯಂತ್ರದ ರ್‍ಯಾಮ್‌ನಲ್ಲಿ ಹಿಡಿಸುವುದಿಲ್ಲ.

ಪರದೆಯ ಇಡೀ ಚಿತ್ರವನ್ನು ಇಟ್ಟುಕೊಳ್ಳುವ ಜಾಗ ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಟಿವಿಯ ಕಿರಣ ಒಂದೊಂದು ಗೆರೆಯನ್ನು ಎಳೆಯುತ್ತಾ ಹೋದಂತೆ, ಆ ಗೆರೆಯಲ್ಲಿ ಏನು ಕಾಣಬೇಕು ಎಂಬುದನ್ನು ಪ್ರೋಗ್ರಾಂ ಅದೇ ಗಳಿಗೆಯಲ್ಲಿ ತಿಳಿಸಬೇಕು. ಒಂದು ಗೆರೆಗೆ ಪ್ರೊಸೆಸರಿಗೆ ಸಿಗುವುದು 76 ಸೈಕಲ್, ಅಂದರೆ ಅದರ ಗಡಿಯಾರದ 76 ಮಿಡಿತ. ಅತಿ ಚಿಕ್ಕ ಸೂಚನೆಗೂ 2 ಸೈಕಲ್ ಖರ್ಚಾಗುತ್ತದೆ. ಇಂಥ ಸುಮಾರು 192 ಗೆರೆಗಳನ್ನು ಸೆಕೆಂಡಿಗೆ 60 ಸಲ, ಒಂದೂ ತಪ್ಪದಂತೆ, ಮುಗಿಸಬೇಕು. ಶತ್ರು ಎಲ್ಲಿದ್ದಾನೆ, ಗುಂಡು ತಗುಲಿತೇ, ಅಂಕ ಎಷ್ಟಾಯಿತು ಎಂಬ ಯೋಚನೆಯನ್ನೆಲ್ಲ ಮಾಡಬೇಕಾದದ್ದು ಕಿರಣ ಕೆಳಗಿನಿಂದ ಮೇಲಕ್ಕೆ ಮರಳುವ ಆ ಸಣ್ಣ ಬಿಡುವಿನಲ್ಲಿ. ಆಟ ಬರೆಯುವವರು ಕಾಗದದ ಮೇಲೆ ಒಂದೊಂದು ಸೂಚನೆಯ ಮುಂದೆ ಅದರ ಸೈಕಲ್ ಲೆಕ್ಕ ಬರೆದುಕೊಂಡು ಕೂರುತ್ತಾರೆ. ತಾಳ ತಪ್ಪಿದರೆ ಚಿತ್ರ ಅಲ್ಲಿಯೇ ಕದಡುತ್ತದೆ.

ಮೈಕ್ರೋಸಾಫ್ಟ್‌ನಲ್ಲಿ ಎಕ್ಸ್‌ಬಾಕ್ಸ್ ಹೊರಬಂದ ಕಾಲದಲ್ಲಿ ಗೇಮ್ ಪ್ರಕಟಣೆಯ ಉಪಾಧ್ಯಕ್ಷರಾಗಿದ್ದ ಎಡ್ ಫ್ರೈಸ್, 2010ರಲ್ಲಿ ಇದೇ ಹಳೆಯ ಯಂತ್ರಕ್ಕೆ ‘ಹೇಲೋ 2600’ ಬರೆದರು. ಗಾತ್ರ 4 ಕಿಲೋಬೈಟ್; ಅದು ಇರುವುದು ರ್‍ಯಾಮ್‌ನಲ್ಲಲ್ಲ, ಯಂತ್ರಕ್ಕೆ ಸಿಕ್ಕಿಸುವ ಕಾರ್ಟ್ರಿಡ್ಜ್‌ನಲ್ಲಿ. ಅವರು ಹಿಂದೆ ನೋಡಿಕೊಂಡಿದ್ದ ಆಟಗಳಿಗೆ ದೊಡ್ಡ ದೊಡ್ಡ ತಂಡಗಳಿದ್ದವು. ಇದನ್ನು ಬರೆಯುವಾಗ ಅವರೇ ಕೂತು ಬೈಟ್ ಬೈಟ್ ಉಳಿಸಿದರು. 2013ರಲ್ಲಿ ಸ್ಮಿತ್ಸೋನಿಯನ್ ಅಮೆರಿಕನ್ ಕಲಾ ಸಂಗ್ರಹಾಲಯ ಅದನ್ನು ತನ್ನ ಕಾಯಂ ಸಂಗ್ರಹಕ್ಕೆ ಸೇರಿಸಿಕೊಂಡಿತು. ಸಂಗ್ರಹಾಲಯ ಒಪ್ಪಿದ್ದರಿಂದಲೇ ಅದು ಕಲೆಯಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಅಲ್ಲಿ ಕೃತಿಯ ಪಕ್ಕದಲ್ಲಿ ಕರ್ತೃವಿನ ಹೆಸರೂ ದಾಖಲಾಯಿತು, ನನಗೆ ಮುಖ್ಯವಾದದ್ದು ಅದು.

ಏಕೆಂದರೆ ಇದೇ ಅಟಾರಿ ಯಂತ್ರದ ಕಾಲದಲ್ಲಿ ಆಟ ಬರೆದವರ ಹೆಸರು ಪೆಟ್ಟಿಗೆಯ ಮೇಲೆ ಇರುತ್ತಿರಲಿಲ್ಲ. ಆ ಅಸಮಾಧಾನದಿಂದಲೂ ಹಣದ ವಿಚಾರದಿಂದಲೂ ಅಟಾರಿ ಕಂಪನಿಯಿಂದ ನಾಲ್ವರು ಪ್ರೋಗ್ರಾಮರ್‌ಗಳು ಹೊರಬಂದರು, ಅವರಿಂದ 1979ರಲ್ಲಿ ಆಕ್ಟಿವಿಷನ್ ಎಂಬ ಗೇಮ್ ಕಂಪನಿ ಹುಟ್ಟಿತು. ವಾರೆನ್ ರಾಬಿನೆಟ್ ಎಂಬಾತ ‘ಅಡ್ವೆಂಚರ್’ ಆಟದೊಳಗೆ ಒಂದು ಗುಪ್ತ ಕೋಣೆ ಮಾಡಿ, ಅದರಲ್ಲಿ ತನ್ನ ಹೆಸರನ್ನು ಬಚ್ಚಿಟ್ಟ. ತಾನು ಮಾಡಿದ ಕೆಲಸಕ್ಕೆ ತನ್ನ ಹೆಸರು ಹಾಕಲು ಒಬ್ಬ ಮನುಷ್ಯ ಕಳ್ಳದಾರಿ ಹಿಡಿಯಬೇಕಾಯಿತು!

ನಮ್ಮಲ್ಲಿ ಈ ಅನ್ಯಾಯ ಇನ್ನೂ ಸಂಪೂರ್ಣವಾಗಿತ್ತು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರುಗಳಲ್ಲಿ ನಾವು ಆಡಿದ್ದು ಬಹುಪಾಲು ನಿಂಟೆಂಡೊ ಯಂತ್ರದ ನಕಲುಗಳಲ್ಲಿ. ಕ್ಯಾಸೆಟ್ ಎಂದೇ ನಾವು ಕರೆಯುತ್ತಿದ್ದ ಆ ಹಳದಿ ಕಾರ್ಟ್ರಿಡ್ಜ್‌ನ ಮೇಲೆ ಒಂದರಲ್ಲಿ ಸಾವಿರಾರು ಆಟ ಎಂದು ಬರೆದಿರುತ್ತಿತ್ತು. ಒಳಗೆ ಹತ್ತಿಪ್ಪತ್ತು ಆಟಗಳೇ ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಎಷ್ಟೋ ಆಟಗಳ ಮೊದಲ ಪರದೆಯಿಂದ ಕಂಪನಿಯ ಹೆಸರು, ವರ್ಷ ಎಲ್ಲವನ್ನೂ ಅಳಿಸಿರುತ್ತಿದ್ದರು. ‘ಕಾಂಟ್ರಾ’ ಆಟದ ಪ್ರತಿ ಹಂತವನ್ನೂ ಕಣ್ಣುಮುಚ್ಚಿ ದಾಟಬಲ್ಲವನಾಗಿದ್ದ ನನಗೆ ಅದು ಜಪಾನಿನ ಕೊನಾಮಿಯದು ಎಂದು ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಆಟಗಳನ್ನು ಮನುಷ್ಯರು ಮಾಡುತ್ತಾರೆ, ನಾವೂ ಮಾಡಬಹುದು ಎಂಬ ಯೋಚನೆಯೇ ನಮ್ಮ ತಲೆಮಾರಿನ ಬಹಳ ಮಕ್ಕಳಿಗೆ ಬರಲಿಲ್ಲ. ಹೆಸರು ಅಳಿಸಿದ್ದರ ನಿಜವಾದ ನಷ್ಟ ಇದು.

ಆದ್ದರಿಂದಲೇ ‘ಆಕ್ಷನ್ 53’ ಎಂಬ ಹೋಮ್‌ಬ್ರೂ ಸಂಕಲನವನ್ನು ಮೊದಲ ಸಲ ನೋಡಿದಾಗ ನನಗೆ ಆದ ಸಂತೋಷವನ್ನು ವಿವರಿಸುವುದು ಕಷ್ಟ. ನಿಂಟೆಂಡೊ ಯಂತ್ರಕ್ಕಾಗಿ ಹವ್ಯಾಸಿಗಳು ಸ್ಪರ್ಧೆಗೆಂದು ಬರೆದ ಪುಟ್ಟ ಆಟಗಳನ್ನು ಒಂದೇ ಕಾರ್ಟ್ರಿಡ್ಜ್‌ಗೆ ಸೇರಿಸಿದ್ದಾರೆ. ನಮ್ಮ ಕ್ಯಾಸೆಟ್‌ಗಳಂತೆಯೇ ಆಟಗಳ ಪಟ್ಟಿ. ಆದರೆ ಇಲ್ಲಿ ಆಟದ ಹೆಸರಿನ ಜೊತೆಗೆ ಅದನ್ನು ಮಾಡಿದವರ ಹೆಸರೂ ಇದೆ.

ಈ ಯಂತ್ರದ ಹೊಸ ಆಟಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಜರ್ಮನಿಯ ಮಾರ್ಫ್‌ಕ್ಯಾಟ್ ಗೇಮ್ಸ್ ತಂಡ 2019ರಲ್ಲಿ ಹೊರತಂದ ‘ಮೈಕ್ರೋ ಮೇಜಸ್’. ನಾಲ್ವರು ಒಟ್ಟಿಗೆ ಗೋಪುರ ಹತ್ತುವ ಆಟ. ಇಡೀ ಆಟ 40 ಕಿಲೋಬೈಟ್: 32 ಪ್ರೋಗ್ರಾಂಗೆ, 8 ಚಿತ್ರಗಳಿಗೆ. ಗೋಪುರದ ಅರ್ಧವನ್ನು ಮಾತ್ರ ದಾಖಲಿಸಿ, ಇನ್ನರ್ಧವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ತೋರಿಸಿದ್ದಾರೆ. ದೈತ್ಯ ಶತ್ರುಗಳಲ್ಲೂ ಇದೇ ಜಾಣ್ಮೆ. ಮೊಬೈಲಿನಲ್ಲಿ ತೆಗೆದ ಒಂದು ಸಾಧಾರಣ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನಾನು ಈ ಆಟವನ್ನು ಹೊಗಳುವುದು ಅದು ಚಿಕ್ಕದೆಂಬ ಕಾರಣಕ್ಕಲ್ಲ. ಗೋಡೆಯಿಂದ ಗೋಡೆಗೆ ನೆಗೆಯುವಾಗ ಕೈಗೆ ಸಿಗುವ ಹಿಡಿತ ಎಂಬತ್ತರ ದಶಕದ ಅನೇಕ ಪ್ರಸಿದ್ಧ ಆಟಗಳಲ್ಲೂ ಇಲ್ಲ. ನೆನಪಿನ ಮೋಹದಿಂದ ಮಾತ್ರ ಇಂಥದ್ದನ್ನು ಮಾಡಲಾಗದು.

ಬೇಸರದ ವಿಷಯವೆಂದರೆ ಹೋಮ್‌ಬ್ರೂ ಆಟಗಳನ್ನೂ ಕದ್ದು ಅಗ್ಗದ ಕಾರ್ಟ್ರಿಡ್ಜ್‌ಗಳಲ್ಲಿ ತುಂಬಿ ಮಾರುವವರಿದ್ದಾರೆ. ದೊಡ್ಡ ಕಂಪನಿಗೆ ಇದರಿಂದ ಆಗುವ ನಷ್ಟ ಬೇರೆ, ರಾತ್ರಿ ಕೆಲಸ ಮುಗಿಸಿ ಬಂದು ಸೈಕಲ್ ಎಣಿಸುವ ಒಬ್ಬ ಹವ್ಯಾಸಿಗೆ ಆಗುವ ನಷ್ಟ ಬೇರೆ. ವಿದೇಶದಿಂದ ಕಾರ್ಟ್ರಿಡ್ಜ್ ತರಿಸಲು ಅಂಚೆ, ಸುಂಕ ಸೇರಿ ದುಬಾರಿಯಾಗುತ್ತದೆ, ಒಪ್ಪುತ್ತೇನೆ. ಆದರೆ ಇಚ್.ಐಒ ತಾಣದಲ್ಲಿ ಎಷ್ಟೋ ಆಟಗಳ ಫೈಲ್ ಸಣ್ಣ ಬೆಲೆಗೆ, ಕೆಲವು ನಾವು ಕೊಟ್ಟಷ್ಟಕ್ಕೆ ಸಿಗುತ್ತವೆ. ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರದಂತೆ ಕಂಪ್ಯೂಟರಿನಲ್ಲಿ ವರ್ತಿಸುವ ತಂತ್ರಾಂಶದಲ್ಲಿ) ಆಡಿದರೆ ಏನೂ ತಪ್ಪಿಲ್ಲ. ಮಾಡುವವರೂ ತಮ್ಮ ಆಟವನ್ನು ಮೊದಲು ಪರೀಕ್ಷಿಸುವುದು ಅದರಲ್ಲೇ.

ಆಡುವುದಷ್ಟೇ ಅಲ್ಲ, ಮಾಡುವ ಬಾಗಿಲೂ ಈಗ ತೆರೆದಿದೆ. ಕ್ರಿಸ್ ಮಾಲ್ಟ್‌ಬಿ 2019ರಲ್ಲಿ ಬಿಡುಗಡೆ ಮಾಡಿದ ಉಚಿತ ತಂತ್ರಾಂಶ ಜಿಬಿ ಸ್ಟುಡಿಯೋ ಬಳಸಿ, ಪ್ರೋಗ್ರಾಮಿಂಗ್ ಬಾರದವರೂ ನಿಂಟೆಂಡೊದ ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಯಂತ್ರದಲ್ಲಿ ಓಡುವ ಆಟ ಮಾಡಬಹುದು. ಹಾಗಿದ್ದರೆ ಕನ್ನಡದ ಆಟವೊಂದು ಏಕೆ ಇರಬಾರದು? ತೊಡಕು ನಿಜ: ಈ ಯಂತ್ರಗಳ ಅಕ್ಷರದ ಚೌಕ 8×8 ಚುಕ್ಕೆ, ಅದರಲ್ಲಿ ನಮ್ಮ ಒತ್ತಕ್ಷರ ಕೂರುವುದಿಲ್ಲ. ಒಂದು ಅಕ್ಷರಕ್ಕೆ ನಾಲ್ಕು ಚೌಕ ಕೊಟ್ಟು 16×16 ಮಾಡಿದರೆ ಓದುವಂತಾಗುತ್ತದೆ. ಒಂದು ಚೌಕಕ್ಕೆ 16 ಬೈಟ್, ಅಂದರೆ ಐದಕ್ಷರದ ಹೆಸರಿಗೆ 320 ಬೈಟ್. ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಲು ಬಹಳ ಜಾಣತನ ಬೇಕಾದೀತು, ಆದರೆ ಮೊದಲ ಪರದೆಯ ಮೇಲೆ ಆಟದ ಹೆಸರನ್ನೂ ಮಾಡಿದವರ ಹೆಸರನ್ನೂ ಕನ್ನಡ ಲಿಪಿಯಲ್ಲಿ ತೋರಿಸಲು ಜಾಗ ಧಾರಾಳವಾಗಿದೆ. ನಿಮ್ಮಲ್ಲಿ ಯಾರಾದರೂ ಅಂಥದ್ದನ್ನು ಮಾಡುತ್ತಿದ್ದರೆ, ಅರ್ಧ ಆಗಿದ್ದರೂ ಸರಿ, ಕೆಳಗೆ ತಿಳಿಸಿ. ಹಣ ಕೊಟ್ಟು ಕೊಳ್ಳುತ್ತೇನೆ, ಆಡಿ ನೋಡಿ ಅಭಿಪ್ರಾಯವನ್ನೂ ಬರೆಯುತ್ತೇನೆ.