ಬೆಡ್‌ಗೆ ಹೊಡೆಸು ಮಾರಾಯ, ಮೈಗೆಲ್ಲ ಬೇಡ

ಶನಿವಾರ ಬೆಳಿಗ್ಗೆ ಗೆಳೆಯನ ಫೋನು. ಹೋದ ತಿಂಗಳು ಹದಿನೆಂಟು ವರ್ಷ ಹಳೆಯ ಪಿಕಪ್ ಟ್ರಕ್ ಒಂದನ್ನು ಕೊಂಡಿದ್ದಾನೆ. "ಪೂರ್ತಿ ಗಾಡಿಗೆ ಬೆಡ್‌ಲೈನರ್ ಹೊಡೆಸಿಬಿಡ್ಲಾ? ಗೀರು ಬೀಳಲ್ಲ, ತುಕ್ಕು ಹಿಡಿಯಲ್ಲ, ಇನ್ನೇನು ಬೇಕು?" ಅಂದ. ನಾನು "ಬೇಡ" ಅಂದೆ. ಅವನಿಗೆ ಸಿಟ್ಟು ಬಂತು. ಫೋನಿನಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಮಿಷಿಗನ್ನಿನಲ್ಲಿ ಹಳೆ ಟ್ರಕ್ಕಿನ ಹುಚ್ಚು ಹಿಡಿದ ಕನ್ನಡದವರು ನಾವಿಬ್ಬರೇ ಅಲ್ಲ ಅಂತ ಗೊತ್ತು.

ಊರಿನಲ್ಲಿರುವವರಿಗೆ ಒಂದು ಮಾತು. ಬೆಡ್ ಅಂದರೆ ಪಿಕಪ್ಪಿನ ಹಿಂದೆ ಸಾಮಾನು ತುಂಬುವ ತೊಟ್ಟಿ. ಬೆಡ್‌ಲೈನರ್ ಹೊಡೆಸಿದೆ ಅಂತ ಫೋನಿನಲ್ಲಿ ಹೇಳಿದಾಗ ನಮ್ಮಮ್ಮ, "ಹಾಸಿಗೆಗೆ ಎಂತ ಹೊಡೆಸೂದು?" ಅಂತ ಕೇಳಿದ್ದಳು. ಇಟ್ಟಿಗೆ, ಸೌದೆ, ಕಬ್ಬಿಣ ಎಳೆದಾಡುವಾಗ ತೊಟ್ಟಿಯ ತಗಡು ಸವೆಯಬಾರದು ಅಂತ ರಬ್ಬರಿನ ಹಾಗೆ ಕಾಣುವ, ಮುಟ್ಟಿದರೆ ತರಿತರಿಯಾದ ಪದರವನ್ನು ಗನ್ನಿನಿಂದ ಸಿಂಪಡಿಸುತ್ತಾರೆ. ಲೈನ್-ಎಕ್ಸ್, ರೈನೊ ಲೈನಿಂಗ್ಸ್ ಇಲ್ಲಿ ಎಲ್ಲರ ಬಾಯಲ್ಲೂ ಇರುವ ಹೆಸರುಗಳು.

ಅಂಗಡಿಯಲ್ಲಿ ಹೊಡೆಯುವುದನ್ನು ಒಮ್ಮೆ ಗಾಜಿನಾಚೆಯಿಂದ ನೋಡಿದ್ದೆ. ಎರಡು ಪೀಪಾಯಿ, ಎರಡು ಬಿಸಿ ಮಾಡಿದ ಪೈಪು. ಒಂದರಲ್ಲಿ ಐಸೊಸಯನೇಟ್ ಅನ್ನುವ ರಾಸಾಯನಿಕ, ಇನ್ನೊಂದರಲ್ಲಿ ಅದರ ಜೊತೆ ಸೇರಿ ಗಟ್ಟಿಯಾಗುವ ರಾಳ. ಎರಡೂ ಸೇರುವುದು ಗನ್ನಿನ ಮೂತಿಯಲ್ಲೇ, ಭಾರೀ ಒತ್ತಡದಲ್ಲಿ. ಪಾಲಿಯೂರಿಯಾ ಅನ್ನುವ ಜಾತಿಯ ಲೈನರ್ ಆದರೆ ತಗಡಿಗೆ ತಾಗಿದ ಕೆಲವೇ ಸೆಕೆಂಡಿನಲ್ಲಿ ಗಟ್ಟಿ. ನೀರುದೋಸೆ ಕಾವಲಿಗೆ ಬಿದ್ದಷ್ಟು ಹೊತ್ತೂ ಇಲ್ಲ. ಎರಡು ಮೂರು ಮಿಲಿಮೀಟರ್ ದಪ್ಪದ ಆ ಪದರದ ಮೇಲೆ ಸುತ್ತಿಗೆ ಬೀಳಿಸಿದರೂ ಏನೂ ಆಗುವುದಿಲ್ಲ. ನನ್ನ ಬೆಡ್‌ಗೆ ಹೊಡೆಸಿ ಆರು ವರ್ಷವಾಯಿತು. ಕೊಟ್ಟ ಒಂದೊಂದು ಡಾಲರೂ ವಸೂಲಾಗಿದೆ. ಅದಕ್ಕೂ ಮೊದಲು ಇದ್ದದ್ದು ಪ್ಲಾಸ್ಟಿಕ್ಕಿನ ಅಚ್ಚು, ತೊಟ್ಟಿಯೊಳಗೆ ಸುಮ್ಮನೆ ಕೂರಿಸುವಂಥದ್ದು. ಅದನ್ನು ಎತ್ತಿದ ದಿನ ಅಡಿಯಲ್ಲಿ ಒಂದು ಚೊಂಬು ಕೆಂಪು ನೀರು, ಕೊಳೆತ ಎಲೆ, ಉಜ್ಜಿ ಉಜ್ಜಿ ಪೇಂಟ್ ಹೋದ ತಗಡು. (ಅಂಥ ಪ್ಲಾಸ್ಟಿಕ್ ಲೈನರ್ ಮೇಲೆ ಪೆಟ್ರೋಲ್ ಕ್ಯಾನ್ ಇಟ್ಟು ಬಂಕಿನಲ್ಲಿ ತುಂಬಿಸಬೇಡಿ. ಸ್ಥಾಯಿ ವಿದ್ಯುತ್ತಿನ ಕಿಡಿ ಹಾರಿ ಬೆಂಕಿ ಹತ್ತಿದ್ದುಂಟು. ಕ್ಯಾನನ್ನು ಇಳಿಸಿ, ನೆಲದ ಮೇಲಿಟ್ಟು ತುಂಬಿಸಿ.)

ಹಾಗಾದರೆ ಅದೇ ಗಟ್ಟಿ ಪದರ ಮೈಗೆಲ್ಲ ಯಾಕೆ ಬೇಡ?

ಇಲ್ಲಿ ಗಾಡಿ ತಿನ್ನುವುದು ಉಪ್ಪು. ಡೆಟ್ರಾಯಿಟ್ ಊರಿನ ಕೆಳಗೆ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿಯೇ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವುದು ಅಂಥ ಉಪ್ಪನ್ನೇ. ಕಾರು ಮಾಡುವ ಊರಿನ ಅಡಿಯಲ್ಲೇ ಕಾರು ತಿನ್ನುವ ಸಾಮಾನು ಕೂತಿದೆ ನೋಡಿ. ಈ ಉಪ್ಪುನೀರು ಎದುರಿನಿಂದ ಬಂದು ಪೇಂಟ್ ಕೆರೆಯುವುದಿಲ್ಲ. ಚಕ್ರದ ಮೇಲಿನ ಕಮಾನಿನ ಮಡಿಕೆಯಲ್ಲಿ, ಬಾಗಿಲ ಕೆಳಗಿನ ಪೊಳ್ಳು ಪಟ್ಟಿಯಲ್ಲಿ, ತಗಡಿಗೆ ತಗಡು ಸೇರಿದ ಸಂದಿನಲ್ಲಿ ಹೊಕ್ಕು ಕೂರುತ್ತದೆ. ತುಕ್ಕು ಶುರುವಾಗುವುದು ಒಳಗಡೆಯಿಂದ. ಹೊರಗೆ ಒಂದು ಗುಳ್ಳೆ ಕಾಣುವ ಹೊತ್ತಿಗೆ ಒಳಗಿನ ಕಬ್ಬಿಣ ಆಗಲೇ ಹಪ್ಪಳ.

ನನ್ನದೇ ಕಥೆ ಹೇಳುತ್ತೇನೆ. ಟ್ರಕ್ ಕೊಂಡಾಗ ಕೆಳಗಿನ ಅರ್ಧ ಮೈಗೆ ಕಪ್ಪು ಬೆಡ್‌ಲೈನರ್ ಹೊಡೆದಿತ್ತು. ಎಷ್ಟು ಚೆನ್ನಾಗಿ ಕಾಪಾಡಿದ್ದಾನಲ್ಲ ಅಂತ ಮಾರಿದವನ ಮೇಲೆ ಗೌರವವೇ ಬಂದಿತ್ತು. ಆ ಬೇಸಿಗೆಯಲ್ಲಿ ತೀರ್ಥಹಳ್ಳಿ ಕಡೆಯಿಂದ ಅಪ್ಪ ಬಂದಿದ್ದರು. ವರ್ಷಕ್ಕೆ ಆರು ತಿಂಗಳು ಮಳೆ ಕಂಡ ಮನುಷ್ಯ, ಕಿಟಕಿ ಸರಳಿಗೆ ರೆಡ್ ಆಕ್ಸೈಡ್ ಬಳಿಯುತ್ತಲೇ ಅರ್ಧ ಆಯುಷ್ಯ ಕಳೆದವರು. ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಸ್ಕ್ರೂಡ್ರೈವರಿನ ಹಿಡಿಯಿಂದ ಹಲಸಿನಕಾಯಿ ಬಡಿದು ನೋಡುವ ಹಾಗೆ ಬಡಿಯುತ್ತ ಹೋದರು. ಟಣ್, ಟಣ್, ಟಣ್, ಆಮೇಲೆ ದಬ್. ಸ್ಕ್ರೂಡ್ರೈವರ್ ತಿರುಗಿಸಿ ಮೊನೆಯಿಂದ ಮೆಲ್ಲಗೆ ಒತ್ತಿದರು. ಹಿಡಿಯವರೆಗೂ ಒಳಗೆ ಹೋಯಿತು. ಹೊರಗೆಳೆದಾಗ ಒಂದು ಮುಷ್ಟಿ ಕಂದು ಪುಡಿ ಸುರಿಯಿತು. ಅಲ್ಲಿ ತಗಡು ಅನ್ನುವುದೇ ಇರಲಿಲ್ಲ, ಬೆಡ್‌ಲೈನರೇ ಗೋಡೆಯಾಗಿ ನಿಂತಿತ್ತು. "ಸಾಮಾನು ಮಾತ್ರ ಗಟ್ಟಿ ಇದೆ ಮಗ" ಅಂದರು ಅಪ್ಪ. ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ಪೇಂಟಿಗೆ ಒಂದು ಒಳ್ಳೆಯ ಗುಣವಿದೆ. ಅಡಿಯಲ್ಲಿ ತುಕ್ಕು ಹಿಡಿದರೆ ಉಬ್ಬಿ ಹೇಳಿಬಿಡುತ್ತದೆ. ಈ ದಪ್ಪ ಪದರ ಬಾಯಿ ಬಿಡುವುದಿಲ್ಲ. ಹೊರಗಿನ ನೀರನ್ನು ಒಳಗೆ ಬಿಡದ ಹಾಗೆಯೇ ಒಳಗಿನ ತೇವವನ್ನೂ ಹೊರಗೆ ಬಿಡುವುದಿಲ್ಲ. ಸಾಲದ್ದಕ್ಕೆ ಬಾಗಿಲ ಅಡಿಯಲ್ಲಿ ನೀರಿಳಿಯಲು ಬಿಟ್ಟ ತೂತುಗಳನ್ನು ಹೊಡೆಯುವವರು ಎಷ್ಟೋ ಸಲ ಮುಚ್ಚಿಯೇ ಬಿಡುತ್ತಾರೆ. ತರಿತರಿ ಮೈಯಲ್ಲಿ ಕೂತ ಕೆಸರು ತೊಳೆದರೂ ಪೂರ್ತಿ ಹೋಗದು, ಮಸುಕಾದರೆ ಪಾಲಿಶ್ ಹಾಕುವಂತಿಲ್ಲ. ಅಗ್ಗದ ಆರೊಮ್ಯಾಟಿಕ್ ಜಾತಿಯದಾದರೆ (ಪರಿಮಳದ ಮಾತಲ್ಲ, ರಾಸಾಯನಿಕದ ಒಂದು ಬಗೆ) ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇನ್ನು ಎಲ್ಲಾದರೂ ಗುದ್ದಿ ಒಂದು ಬಾಗಿಲು ಬದಲಿಸಬೇಕಾಯಿತು ಅನ್ನಿ, ಅದೇ ತರಿ ಮತ್ತೆ ಬರುವಂತೆ ಹೊಡೆಯುವ ಪುಣ್ಯಾತ್ಮನನ್ನು ಹುಡುಕುವುದರಲ್ಲೇ ಸುಸ್ತು.

ಮನೆಯಲ್ಲೇ ಹೊಡೆಯುತ್ತೇನೆ ಅನ್ನುವವರಿಗೆ ರ‍್ಯಾಪ್ಟರ್‌ನಂಥ ಕಿಟ್‌ಗಳಿವೆ. 750 ಮಿಲಿ ಲೈನರ್ ಇರುವ ಬಾಟಲಿಗೆ ಅದನ್ನು ಗಟ್ಟಿಯಾಗಿಸುವ ಹಾರ್ಡನರ್ 250 ಮಿಲಿ ಸುರಿದು, ಚೆನ್ನಾಗಿ ಕುಲುಕಿ, ಬಾಟಲಿಯನ್ನೇ ಗನ್ನಿಗೆ ಸಿಕ್ಕಿಸಿದರಾಯಿತು. ಗಾಳಿಯ ಒತ್ತಡ ಏರಿಸಿದರೆ ತರಿ ಸಣ್ಣ, ಇಳಿಸಿದರೆ ದಪ್ಪ. ಕೆಲಸ ಸುಲಭ, ಉಸಿರು ಮಾತ್ರ ಜೋಪಾನ. ಆ ಹಾರ್ಡನರಿನಲ್ಲಿರುವುದೂ ಐಸೊಸಯನೇಟೇ. ಒಮ್ಮೆ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ಸೋಕಿದರೂ ಉಬ್ಬಸ ಬರಬಹುದು. ಧೂಳಿನ ಮಾಸ್ಕ್ ಯಾವ ಲೆಕ್ಕಕ್ಕೂ ಇಲ್ಲ. ಅಂಗಡಿಯವರು ಪೈಪಿನಲ್ಲಿ ಹೊರಗಿನ ಗಾಳಿ ಎಳೆದುಕೊಂಡು ಕೆಲಸ ಮಾಡುತ್ತಾರೆ. ಗ್ಯಾರೇಜಿನ ಶಟರ್ ಎಳೆದು, ಮೂಗಿಗೆ ಕರ್ಚೀಫ್ ಕಟ್ಟಿ ಹೊಡೆದ ಒಬ್ಬರನ್ನು ನಾನು ಬಲ್ಲೆ. ಅವರಿಗೆ ನನ್ನಿಂದ ಆಗಲೇ ಒಂದು ಸುತ್ತು ಬೈಗುಳ ಆಗಿದೆ.

ನಾನು ಕೊನೆಗೆ ಮಾಡಿಸಿದ್ದು ಇಷ್ಟು. ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ವೆಲ್ಡ್ ಮಾಡಿಸಿದೆ. ಬೆತ್ತಲೆ ಕಬ್ಬಿಣಕ್ಕೆ ಎಪಾಕ್ಸಿ ಪ್ರೈಮರ್, ಅಂದರೆ ಪೇಂಟಿಗೂ ಮೊದಲು ಬಳಿಯುವ ಗಟ್ಟಿ ಅಡಿಪದರ. ಕಲ್ಲು ಸಿಡಿಯುವ ಕೆಳಗಿನ ಪಟ್ಟಿಗೆ ಮಾತ್ರ ಲೈನರ್, ಮೇಲೆಲ್ಲ ಮಾಮೂಲಿ ಪೇಂಟ್. ಪೊಳ್ಳುಗಳ ಒಳಗೆ ಪ್ರತಿ ಅಕ್ಟೋಬರಿನಲ್ಲಿ ಲ್ಯಾನೊಲಿನ್ ಎಣ್ಣೆ, ಅಂದರೆ ಕುರಿ ಉಣ್ಣೆಯ ಜಿಡ್ಡು. ಮಳೆ ಬಂದ ದಿನ ಗ್ಯಾರೇಜಿನಲ್ಲಿ ಕಂಬಳಿ ವಾಸನೆ ಬರುತ್ತದೆ, ನನಗೇನೋ ಊರು ನೆನಪಾಗುತ್ತದೆ, ಹೆಂಡತಿಗೆ ತಲೆನೋವು.

ಇದರಲ್ಲಿ ಸಿಂಪಡಿಸಲು ಹಿಡಿದದ್ದು ಒಂದು ಗಂಟೆ. ಉಜ್ಜಲು, ಜಿಡ್ಡು ತೆಗೆಯಲು, ಟೇಪ್ ಅಂಟಿಸಲು ನಾಲ್ಕು ವಾರಾಂತ್ಯ. ಹೊಳಪಿನ ಪೇಂಟಿನ ಮೇಲೆ ಹಾಗೇ ಹೊಡೆದರೆ ಮುಂದೊಂದು ದಿನ ಹಾಲಿನ ಕೆನೆಯ ಹಾಗೆ ಎದ್ದುಬರುತ್ತದೆ.

ಇಷ್ಟನ್ನೂ ಗೆಳೆಯನಿಗೆ ಕಳಿಸಿ, ಬಾಗಿಲ ಕೆಳಗೆ ಒಮ್ಮೆ ಬಡಿದು ನೋಡು ಅಂದಿದ್ದೆ. ಎರಡು ದಿನ ಸದ್ದಿರಲಿಲ್ಲ. ನಿನ್ನೆ ರಾತ್ರಿ ಅಂಗಡಿಯಿಂದಲೇ ಫೋನ್ ಮಾಡಿದ. "ಉಪ್ಪುಕಾಗದ ಯಾವ ನಂಬರ್ ತಗೊಳ್ಳಲಿ?"

ನೂರೆಂಬತ್ತು ಅಂದೆ. ಎರಡು ಪ್ಯಾಕೆಟ್.