ಮೂಲ ಯಾರದ್ದು?

ನಿನ್ನೆ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಹಾಕಿದ್ದೇ ತಪ್ಪಾಯ್ತು. ಮಗಳ ಮನೆಗೆ ಹೋದಾಗ ನೋಡಿದ ಪುಟ್ಟ ಕ್ರೈಸ್ತ ಗುಡಿ. ಹತ್ತೇ ನಿಮಿಷಕ್ಕೆ ಭಾವನ ಮೆಸೇಜು: "ಅದೆಲ್ಲ ಸರಿ, ಮೂಲ ಯಾರದ್ದು?"

ಇದೊಂದು ರೋಗ ಕಣ್ರೀ. ಗುಡಿ ಚೆನ್ನಾಗಿದೆಯಾ, ಯಾವ ಕಾಲದ್ದು, ಅಲ್ಲಿ ಏನು ನಡೆಯುತ್ತೆ, ಊಹೂಂ. ಮೂಲ ಯಾರದ್ದು?

ಫ್ರಾನ್ಸಿನ ಬ್ರಿಟನಿ ಸೀಮೆಯಲ್ಲಿ ಲೆ ವಿಯೂ ಮಾರ್ಶೆ ಅಂತ ಒಂದು ಹಳ್ಳಿ. ಅಲ್ಲಿನ ಸೆತ್ ಸ್ಯಾಂ, ಅಂದರೆ 'ಏಳು ಸಂತರ' ಗುಡಿ ಇದು. ಕಟ್ಟಿದ್ದು 1703ರಿಂದ 1714ರವರೆಗೆ. ದಕ್ಷಿಣದ ಕಡೆ ಹೋದರೆ ಗೋಡೆಯ ಬುಡದಲ್ಲಿ ದೊಡ್ಡ ದೊಡ್ಡ ಒರಟು ಬಂಡೆ. ಅದು ಸಾವಿರಾರು ವರ್ಷ ಹಿಂದಿನ ಕಲ್ಲುಗೋರಿ, ಡಾಲ್ಮೆನ್. ಗುಡಿ ಕಟ್ಟಿದವರು ಅದನ್ನು ಕೀಳಲಿಲ್ಲ, ಗುಡಿಯೊಳಗೇ ಸೇರಿಸಿಕೊಂಡರು. ತಲೆ ಬಗ್ಗಿಸಿ ಒಳಗೆ ಹೋಗಬೇಕು. ನನ್ನ ಸೊಂಟದ ಕಥೆ ನಿಮಗೆ ಗೊತ್ತೇ ಇದೆ, ಆದರೂ ಬಗ್ಗಿದೆ. ತಲೆ ಮೇಲೆ ತಣ್ಣನೆ ಹಾಸುಬಂಡೆ. ಲೋಕ ಸೃಷ್ಟಿ ಮಾಡುವಾಗ ದೇವರೇ ಕೈಯಾರೆ ಇದನ್ನು ಕಟ್ಟಿದ ಅಂತ ಬ್ರೆಟನ್ ಭಾಷೆಯ ಹಳೇ ಲಾವಣಿಯೇ ಇದೆ.

ಏಳು ಸಂತರೆಂದರೆ ಎಫೆಸಸ್ಸಿನ, ಅಂದರೆ ಈಗಿನ ಟರ್ಕಿಯಲ್ಲಿದ್ದ ಹಳೇ ಪಟ್ಟಣದ, ಏಳು ಕ್ರೈಸ್ತ ಹುಡುಗರು. ರೋಮಿನ ದೊರೆಗೆ ಹೆದರಿ ಗುಹೆಯಲ್ಲಿ ಅಡಗಿ, ನೂರಾರು ವರ್ಷ ನಿದ್ದೆ ಹೊಡೆದು ಎದ್ದವರು. ಇದೇ ಕಥೆ ಕುರಾನಿನ ಹದಿನೆಂಟನೇ ಅಧ್ಯಾಯದಲ್ಲೂ ಇದೆ, ಜೊತೆಗೊಂದು ನಾಯಿ ಬೇರೆ! ಇದನ್ನು ಹಿಡಿದುಕೊಂಡೇ ಫ್ರೆಂಚ್ ವಿದ್ವಾಂಸ ಲೂಯಿ ಮಾಸಿನ್ಯೋಂ 1954ರಲ್ಲಿ ಇಲ್ಲಿನ ಜಾತ್ರೆಗೆ ಮುಸ್ಲಿಮರನ್ನೂ ಕರೆದರು. ಇಸ್ಲಾಂ ಬಗ್ಗೆ ಜೀವನವಿಡೀ ಓದಿದ ಮನುಷ್ಯ, ಗಾಂಧಿ ಅಂದರೆ ಪ್ರಾಣ. ಜಾತ್ರೆ ನಡೆದದ್ದು ಜುಲೈಯಲ್ಲಿ. ಅದೇ ನವೆಂಬರಿನಲ್ಲಿ, ಆಗ ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಮುಸ್ಲಿಂ ನಾಡು ಅಲ್ಜೀರಿಯಾದಲ್ಲಿ ಫ್ರಾನ್ಸಿನ ವಿರುದ್ಧ ಯುದ್ಧ ಶುರುವಾಯ್ತು. ಜಾತ್ರೆ ಮಾತ್ರ ನಿಲ್ಲಲಿಲ್ಲ. ಇವತ್ತಿಗೂ ಜುಲೈ ಕೊನೆಗೆ ಗುಡಿಯಲ್ಲಿ ಪೂಜೆ ಮುಗಿಸಿ ಹತ್ತಿರದ ನೀರಿನ ಬುಗ್ಗೆಗೆ ನಡೆಯುತ್ತಾರೆ. ಅಲ್ಲಿ ಕುರಾನಿನ ಅದೇ ಅಧ್ಯಾಯ ಓದುತ್ತಾರೆ.

ಈಗ ಹೇಳಿ, ಮೂಲ ಯಾರದ್ದು? ಕಲ್ಲು ನಿಲ್ಲಿಸಿದವರದ್ದಾ? ಅವರ ಹೆಸರಿರಲಿ, ಯಾವ ಭಾಷೆ ಆಡುತ್ತಿದ್ದರು ಅನ್ನೋದೂ ಗೊತ್ತಿಲ್ಲ. ವಾಪಸ್ ಕೊಡೋದಾದರೆ ಯಾವ ಅಡ್ರೆಸ್ಸಿಗೆ ಕೊಡೋಣ?

"ಚರ್ಚಿನವರು ಹಳೇ ಕಲ್ಲುಗಳ ಮೇಲೆಲ್ಲ ಶಿಲುಬೆ ಕೆತ್ತಿದ್ದು ಸುಳ್ಳಾ?" ಅಂತ ಭಾವ ಕೇಳಿದರು. ಸುಳ್ಳಲ್ಲ. ಅದೇ ಸೀಮೆಯ ಸ್ಯಾಂತ್ ಯೂಝೆಕ್‌ನಲ್ಲಿ ಆಳೆತ್ತರಕ್ಕೂ ಮೀರಿದ ನಿಲುಗಲ್ಲಿನ ನೆತ್ತಿಗೆ 1674ರಲ್ಲಿ ಶಿಲುಬೆ ಹಾಕಿದ್ದಾರೆ, ಮೇಲ್ಭಾಗದಲ್ಲಿ ಏಸು ಶಿಲುಬೆಗೇರಿದ ಕಥೆಯ ಗುರುತುಗಳನ್ನು ಕೆತ್ತಿದ್ದಾರೆ. ಒಪ್ಪಿದೆ. ಹಾಗಂತ ಈಗ ಉಳಿ ತಗೊಂಡು ಕೆರೆಯೋದಾ? ಇನ್ನೊಬ್ಬರು "ವಾವ್, ಎಂಥ ಸೌಹಾರ್ದ!" ಅಂತ ಮೂರು ಹೂವು ಕಳಿಸಿದ್ದಾರೆ. ಅವರಿಗೂ ನಮಸ್ಕಾರ.

ನಿಜ ಹೇಳಿಬಿಡ್ತೀನಿ. ಆ ಬಂಡೆ ಕೆಳಗಿಂದ ಈಚೆ ಬಂದು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾ ಮಗಳನ್ನು ನಾನು ಕೇಳಿದ ಮೊದಲ ಪ್ರಶ್ನೆಯೂ ಅದೇ: "ಮೂಲ ಯಾರದ್ದೇ?" ಅವಳು ನನ್ನ ಮುಖ ನೋಡಿದಳು ಅಷ್ಟೇ. ಇವತ್ತಿಗೂ ಆ ನೋಟ ಚುಚ್ಚುತ್ತೆ. ಭಾವನ ಮೇಲೆ ಇಷ್ಟು ಕೋಪ ಬಂದಿದ್ದು ಅದಕ್ಕೇ ಇರಬೇಕು.

ರಾತ್ರಿ ವಾದ ಸಾಕು ಅಂತ ಗ್ರೂಪಿಗೆ ಆ ಬುಗ್ಗೆಯ ಫೋಟೋ ಹಾಕಿದೆ. ಕಲ್ಲಿನಲ್ಲಿ ಏಳು ತೂತು, ಏಳರಿಂದಲೂ ನೀರು.

ಬೆಳಿಗ್ಗೆ ಭಾವನ ಉತ್ತರ ಬಂದಿದೆ: "ನೀರು ಯಾವ ಪಂಚಾಯ್ತಿದು?"